ಎರಡು ಹಸ್ತಾಂತರಗಳ ನಡುವೆ ಒಂದು ಹೊಳೆ

ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವ ಬಸ್ಸು ದಢೇಸೂಗೂರಿನ ಬಳಿ ತುಂಗಭದ್ರೆಯ ಸೇತುವೆ ದಾಟಲು ಒಂದೆರಡು ನಿಮಿಷ ಸಾಕು. ಕಿಟಕಿಯ ಬಳಿ ಕುಳಿತವರು ಹೊಳೆಯಲ್ಲಿ ನೀರೆಷ್ಟಿದೆ ಎಂದು ಒಮ್ಮೆ ಬಗ್ಗಿ ನೋಡುತ್ತಾರೆ, ಅಷ್ಟೆ. ಈ ದಡ ಬಳ್ಳಾರಿ ಜಿಲ್ಲೆ, ಆ ದಡ ರಾಯಚೂರು ಜಿಲ್ಲೆ. ಭಾಷೆ ಒಂದೇ, ಬೆಳೆ ಒಂದೇ, ಬೀಗರೂ ಎರಡೂ ಕಡೆ. ಕುರುಗೋಡಿನಲ್ಲೋ ಸಿರುಗುಪ್ಪದಲ್ಲೋ ಯಾವ ಮನೆಯ ಮದುವೆಗೆ ಹೋದರೂ ಹೊಳೆಯಾಚೆಯಿಂದ ಬಂದ ನಾಲ್ಕು ಮಂದಿಯಾದರೂ ಸಿಗುತ್ತಾರೆ.

ಆದರೆ 1800ರಿಂದ 1948ರವರೆಗೆ, ಸುಮಾರು ಒಂದೂವರೆ ಶತಮಾನ ಕಾಲ, ಈ ಹೊಳೆ ಎರಡು ಸರಕಾರಗಳ ಗಡಿಯಾಗಿತ್ತು. 1800ರ ಅಕ್ಟೋಬರ್‌ನಲ್ಲಿ ಹೈದರಾಬಾದಿನ ನಿಜಾಮರು ಈಸ್ಟ್ ಇಂಡಿಯಾ ಕಂಪನಿಯೊಡನೆ ಮಾಡಿಕೊಂಡ ಕರಾರಿನಂತೆ ತುಂಗಭದ್ರೆಯ ದಕ್ಷಿಣದ ಸೀಮೆ ಕಂಪನಿಯ ಪಾಲಾಯಿತು. ‘ದತ್ತ ಮಂಡಲ’ ಎಂಬ ಹೆಸರು ಬಳ್ಳಾರಿಗೆ ಬಂದದ್ದು ಹಾಗೆ. ಉತ್ತರ ದಡ ಜನರ ಬಾಯಲ್ಲಿ ‘ಮೊಗಲಾಯಿ’ಯಾಯಿತು. ದಕ್ಷಿಣ ದಡ ಮೊದಲು ಕಂಪನಿ ಸೀಮೆ, ಆಮೇಲೆ ಮದರಾಸು ಪ್ರಾಂತ್ಯ. ಒಂದು ದಡದಲ್ಲಿ ಸರಕಾರದ ಕಣ್ಣಿಗೆ ಅಪರಾಧಿಯಾದವನು ಹರಿಗೋಲು ಹತ್ತಿ ಆಚೆ ಇಳಿದರೆ ಇನ್ನೊಂದು ಸರಕಾರದ ನೆಲದಲ್ಲಿ ನಿಂತಿರುತ್ತಿದ್ದ. ಅವನನ್ನು ಹಿಡಿದು ಒಪ್ಪಿಸಬೇಕೇ ಬೇಡವೇ ಎಂಬುದು ಎರಡು ಸರಕಾರಗಳ ನಡುವಿನ ಪ್ರಶ್ನೆಯಾಗುತ್ತಿತ್ತು.

ನಮ್ಮ ಪತ್ರಿಕೆಗಳು ಇದನ್ನು ‘ಆರೋಪಿಯ ಹಸ್ತಾಂತರ’ ಎಂದು ಬರೆಯುತ್ತವೆ. ಒಂದು ಆಳ್ವಿಕೆ ಹೋಗಿ ಇನ್ನೊಂದು ಬರುವುದನ್ನೂ ‘ಅಧಿಕಾರ ಹಸ್ತಾಂತರ’ ಎಂದೇ ಬರೆಯುತ್ತವೆ. ಒಂದೇ ಪದ, ಎರಡು ಸಂಗತಿ. ಇದು ಕನ್ನಡದ ಬಡತನವೆಂದು ಯಾರಾದರೂ ಹೇಳಬಹುದು. ಆದರೆ ಈ ಹೊಳೆಯ ದಡದಲ್ಲಿ ನಿಂತು ಯೋಚಿಸಿದರೆ ಪದ ಸರಿಯಾಗಿಯೇ ಇದೆ ಎನಿಸುತ್ತದೆ. ನಾಡನ್ನು ಕೈಯಿಂದ ಕೈಗೆ ದಾಟಿಸುವವರೇ ಮನುಷ್ಯನನ್ನೂ ಕೈಯಿಂದ ಕೈಗೆ ದಾಟಿಸುವ ಮಾತನ್ನು ಆಡಿರುತ್ತಾರೆ. ಮೊದಲನೆಯ ಹಸ್ತಾಂತರ ನಡೆದ ಮೇಲೆ ಎರಡನೆಯದರ ಬಗ್ಗೆ ಕೊಟ್ಟ ಭರವಸೆ ಏನಾಗುತ್ತದೆ? ಅದು ಯಾರ ಸ್ವತ್ತು? ಕೊಟ್ಟ ಸರಕಾರದ್ದೇ, ಪಡೆದ ಸರಕಾರದ್ದೇ, ಅಥವಾ ನಡುವೆ ಸಿಕ್ಕಿಬಿದ್ದ ಮನುಷ್ಯನದ್ದೇ?

ಈ ಪ್ರಶ್ನೆಯನ್ನಿಟ್ಟುಕೊಂಡು ಹೈದರಾಬಾದಿನ ಕೊನೆಯ ವರ್ಷದ ಬಗ್ಗೆ ಬಂದ ಮೂರು ಪ್ರಸಿದ್ಧ ಪುಸ್ತಕಗಳನ್ನು ಮತ್ತೊಮ್ಮೆ ಓದಿ ನೋಡುವುದು ಈ ಲೇಖನದ ಉದ್ದೇಶ. ಮೊದಲನೆಯದು, ಸಂಸ್ಥಾನಗಳ ಇಲಾಖೆಯ ಕಾರ್ಯದರ್ಶಿಯಾಗಿದ್ದ ವಿ.ಪಿ. ಮೆನನ್ 1956ರಲ್ಲಿ ಪ್ರಕಟಿಸಿದ ಸಂಸ್ಥಾನಗಳ ವಿಲೀನದ ಕತೆ. ಎರಡನೆಯದು, ಹೈದರಾಬಾದಿನಲ್ಲಿ ಭಾರತ ಸರಕಾರದ ಏಜೆಂಟ್ ಜನರಲ್ ಆಗಿದ್ದ ಕೆ.ಎಂ. ಮುನ್ಷಿಯವರ 1957ರ ನೆನಪುಗಳು. ಮೂರನೆಯದು, ನಿಜಾಮರ ಕೊನೆಯ ಪ್ರಧಾನಿ ಮೀರ್ ಲಾಯಕ್ ಅಲಿ 1962ರಲ್ಲಿ ಕರಾಚಿಯಲ್ಲಿ ಹೊರತಂದ ಹೈದರಾಬಾದಿನ ದುರಂತದ ಕಥನ. ಮೂವರೂ ಮಾತುಕತೆಯ ಕೋಣೆಯೊಳಗೆ ಕುಳಿತಿದ್ದವರು. ಮೂವರೂ ಇಂಗ್ಲಿಷಿನಲ್ಲಿ ಬರೆದರು. ನಮ್ಮಲ್ಲಿ ಸೆಪ್ಟೆಂಬರ್ 17 ಬಂದಾಗಲೆಲ್ಲ ನಡೆಯುವ ಭಾಷಣಗಳ ಬೇರು ಬಹುಮಟ್ಟಿಗೆ ಈ ಪುಸ್ತಕಗಳಲ್ಲೇ ಇದೆ.

ಎಂಟನೆಯ ಬಾಬ್ತು

ಮೊದಲು ಕಾಗದಪತ್ರದ ಸಂಗತಿ. 1947ರ ಭಾರತ ಸ್ವಾತಂತ್ರ್ಯ ಕಾಯಿದೆಯ 7ನೆಯ ಕಲಮಿನಂತೆ ಸಂಸ್ಥಾನಗಳ ಮೇಲಿದ್ದ ಬ್ರಿಟಿಷರ ಪರಮಾಧಿಕಾರ ಆಗಸ್ಟ್ 15ರಂದು ಕೊನೆಗೊಂಡಿತು. ಅದರೊಂದಿಗೆ ರಾಜರುಗಳ ಜತೆ ಬ್ರಿಟಿಷ್ ದೊರೆತನ ಮಾಡಿಕೊಂಡಿದ್ದ ಕರಾರುಗಳೂ ರದ್ದಾದವು. ಸುಂಕ, ಸಾಗಾಟ, ಸಂಪರ್ಕ, ಅಂಚೆ, ತಂತಿ ಮತ್ತು ಅಂಥ ಇತರ ವಿಷಯಗಳನ್ನು ಮಾತ್ರ ಸದ್ಯಕ್ಕೆ ಉಳಿಸಿಕೊಳ್ಳಲಾಯಿತು. ಆರೋಪಿಗಳ ಹಸ್ತಾಂತರದ ಹೆಸರು ಆ ಪಟ್ಟಿಯಲ್ಲಿರಲಿಲ್ಲ.

ಈ ತೆರಪನ್ನು ತುಂಬಲು ಭಾರತ ಸರಕಾರ ಸಂಸ್ಥಾನಗಳ ಮುಂದೆ ಇಟ್ಟದ್ದು ‘ಯಥಾಸ್ಥಿತಿ ಒಪ್ಪಂದ’. ಅದರ ಅನುಬಂಧದಲ್ಲಿ 18 ಬಾಬ್ತುಗಳಿದ್ದವು. ಎಂಟನೆಯದು ಆರೋಪಿಗಳ ಹಸ್ತಾಂತರ. ಅದರ ಹಿಂದಿನದು ವಿದೇಶ ವ್ಯವಹಾರ, ಮುಂದಿನದು ಆಮದು ರಫ್ತಿನ ನಿಯಂತ್ರಣ. ಇನ್ನೂ ಕೆಳಗೆ ಬಂದರೆ ಅಫೀಮು, ಅಂಚೆ, ರೈಲು, ಉಪ್ಪು. ಮನುಷ್ಯನೂ ಗಡಿ ದಾಟುವ ಸರಕುಗಳಲ್ಲಿ ಒಂದು ಎಂಬಂತೆ ಪಟ್ಟಿಯಲ್ಲಿ ಕುಳಿತಿದ್ದಾನೆ. ಬರೆದವರಿಗೆ ಕೆಟ್ಟ ಉದ್ದೇಶವಿತ್ತೆಂದು ಹೇಳುತ್ತಿಲ್ಲ. ಸರಕಾರಗಳು ಬರೆಯುವ ಪಟ್ಟಿಗಳು ಹೀಗೆಯೇ ಇರುತ್ತವೆ. ಆದರೆ ಪಟ್ಟಿ ಹೀಗಿದ್ದಾಗ, ಅದನ್ನಿಟ್ಟುಕೊಂಡು ಮುಂದೆ ಬರೆದ ಚರಿತ್ರೆಯೂ ಹಾಗೆಯೇ ಇರುತ್ತದೆ ಎಂಬುದನ್ನು ನಾವು ಗಮನಿಸಬೇಕು.

ಹೈದರಾಬಾದ್ ಈ ಒಪ್ಪಂದಕ್ಕೆ ಆಗಸ್ಟ್ 15ರೊಳಗೆ ಸಹಿ ಹಾಕಲಿಲ್ಲ. ಎರಡು ತಿಂಗಳ ಕಾಲಾವಕಾಶ ಪಡೆಯಿತು. ಅಕ್ಟೋಬರ್ 27ರಂದು ದಿಲ್ಲಿಗೆ ಹೊರಡಬೇಕಿದ್ದ ನಿಯೋಗದ ಸದಸ್ಯರ ಮನೆಗಳನ್ನು ರಜಾಕಾರರ ಗುಂಪು ಮುತ್ತಿತು. ನಿಯೋಗವೇ ಬದಲಾಯಿತು. ಕೊನೆಗೆ ನವೆಂಬರ್ 29ರಂದು ಹೈದರಾಬಾದಿಗೆಂದೇ ಬರೆದ ಐದು ವಿಧಿಗಳ ಪ್ರತ್ಯೇಕ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಮೊದಲ ವಿಧಿ, ಆಗಸ್ಟ್ 15ಕ್ಕೆ ಮುಂಚೆ ಸಮಾನ ಹಿತದ ವಿಷಯಗಳಲ್ಲಿದ್ದ ಎಲ್ಲ ಕರಾರು ಮತ್ತು ಆಡಳಿತ ಏರ್ಪಾಡುಗಳು ಹಾಗೆಯೇ ಮುಂದುವರಿಯುತ್ತವೆ ಎಂದಿತು. ನಾಲ್ಕನೆಯ ವಿಧಿ, ತಕರಾರು ಬಂದರೆ ಎರಡೂ ಕಡೆಯ ಪಂಚರು ಮತ್ತು ಒಬ್ಬ ಮಧ್ಯಸ್ಥನ ಮುಂದೆ ಇಡಬೇಕು ಎಂದಿತು. ಒಪ್ಪಂದದ ಅವಧಿ ಒಂದು ವರ್ಷ.

ಮುಂಚೆ ಇದ್ದ ಏರ್ಪಾಡು ಯಾವುದು? ನಿಜಾಮರಿಗೂ ಬ್ರಿಟಿಷರಿಗೂ 1867ರಲ್ಲಿ ಆರೋಪಿಗಳ ಹಸ್ತಾಂತರದ ಕರಾರು ಆಗಿತ್ತು. ಅದರ ಮೇಲೆ 1903ರ ಹಸ್ತಾಂತರ ಕಾಯಿದೆ. ಸಂಸ್ಥಾನದಲ್ಲಿ ಅಪರಾಧ ಮಾಡಿದನೆನ್ನಲಾದವನು ಬ್ರಿಟಿಷ್ ಜಿಲ್ಲೆಯಲ್ಲಿ ಅಡಗಿದ್ದರೆ, ಆ ಸಂಸ್ಥಾನದಲ್ಲಿರುವ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ವಾರಂಟ್ ಬರೆದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಸಿರುಗುಪ್ಪದಲ್ಲಿ ಒಬ್ಬನನ್ನು ಹಿಡಿಯಬೇಕೆಂದರೆ ಹೈದರಾಬಾದಿನ ರೆಸಿಡೆಂಟರಿಂದ ಬಳ್ಳಾರಿಯ ಕಲೆಕ್ಟರರಿಗೆ ಕಾಗದ ಬರಬೇಕು. ಕಲೆಕ್ಟರರೇ ಜಿಲ್ಲಾ ಮ್ಯಾಜಿಸ್ಟ್ರೇಟರೂ ಆಗಿದ್ದರು. ನಿಜಾಮರ ಪೊಲೀಸರು ನೇರವಾಗಿ ಹೊಳೆ ದಾಟಿ ಬಂದು ಕೈಹಾಕುವಂತಿರಲಿಲ್ಲ. ಬ್ರಿಟಿಷರ ಪೊಲೀಸರಿಗೂ ಆ ಕಡೆ ಮಿತಿಯಿತ್ತು. ಹೈದರಾಬಾದ್ ಸಂಸ್ಥಾನದೊಳಗಿನ ರೈಲು ನಿಲ್ದಾಣವೊಂದರಲ್ಲಿ ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟ್ ಹಿಡಿದು ಮುಹಮ್ಮದ್ ಯೂಸುಫುದ್ದೀನ್ ಎಂಬವರನ್ನು ಬಂಧಿಸಿದ್ದು ಕಾನೂನುಬಾಹಿರವೆಂದು 1897ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ಲೇ ತೀರ್ಪು ಕೊಟ್ಟಿತ್ತು. ರೈಲು ಹಳಿಯ ಮೇಲಿನ ಅಧಿಕಾರ ರೈಲಿನ ಕೆಲಸಕ್ಕೆ ಮಾತ್ರ, ಕಂಡವರನ್ನು ಹಿಡಿಯುವುದಕ್ಕಲ್ಲ ಎಂಬುದು ಆ ತೀರ್ಪಿನ ಸಾರ.

1947ರ ಆಗಸ್ಟ್ 15ರಂದು ಆ ರೆಸಿಡೆಂಟ್ ಹುದ್ದೆಯೇ ಇಲ್ಲವಾಯಿತು. 1948ರ ಜನವರಿಯಲ್ಲಿ ಮುನ್ಷಿ ಏಜೆಂಟ್ ಜನರಲ್ ಆಗಿ ಬಂದರು, ನಿಜ. ಆದರೆ ಪರಮಾಧಿಕಾರದ ಯಾವ ಕೆಲಸವೂ ಇದರಿಂದ ಬರುವುದಿಲ್ಲವೆಂದು ಒಪ್ಪಂದದ ಮೂರನೆಯ ವಿಧಿಯೇ ಹೇಳಿತ್ತು. ಏರ್ಪಾಡು ಕಾಗದದ ಮೇಲೆ ಮುಂದುವರಿಯಿತು, ನಡೆಸುವ ಕೈ ಮಾತ್ರ ಉಳಿಯಲಿಲ್ಲ.

ಅಪರಾಧಿ ಯಾರು?

ಕೈ ಇದ್ದಿದ್ದರೂ ಆ ವರ್ಷ ಅದು ನಡೆಯುತ್ತಿತ್ತೇ ಎಂಬುದು ಬೇರೆ ಮಾತು. ಏಕೆಂದರೆ ಅಪರಾಧಿ ಯಾರು ಎಂಬುದರಲ್ಲೇ ಎರಡು ಸರಕಾರಗಳಿಗೆ ಒಮ್ಮತವಿರಲಿಲ್ಲ. ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದ ಸ್ಟೇಟ್ ಕಾಂಗ್ರೆಸ್ಸಿನವರು ಗಡಿಯುದ್ದಕ್ಕೂ ಶಿಬಿರಗಳನ್ನು ಹೂಡಿದ್ದರು. ನಮ್ಮ ಕಡೆ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು ಇದರ ಮುಂದಾಳುಗಳು. ಶಿಬಿರದ ಹುಡುಗರು ನಿಜಾಮರ ಕಂದಾಯ ಕಚೇರಿಗಳ ಮೇಲೆ, ಠಾಣೆಗಳ ಮೇಲೆ ದಾಳಿ ಮಾಡಿ ಗಡಿ ದಾಟಿ ಹಿಂತಿರುಗುತ್ತಿದ್ದರು. ನಿಜಾಮ ಸರಕಾರಕ್ಕೆ ಇವರು ದರೋಡೆಕೋರರು, ಈ ಕಡೆ ಸ್ವಾತಂತ್ರ್ಯ ಯೋಧರು. ಇತ್ತ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಲ್ಲಿ ಲೂಟಿ, ಕೊಲೆ ನಡೆಸುತ್ತಿದ್ದರು. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ. ಇವರು ಭಾರತಕ್ಕೆ ಕೊಲೆಗಡುಕರು. ನಿಜಾಮ ಸರಕಾರಕ್ಕೋ ನಿಯಂತ್ರಿಸಲಾಗದ, ನಿಯಂತ್ರಿಸಲು ಮನಸ್ಸೂ ಇಲ್ಲದ ಸೇವಕರು.

ಈ ಎರಡು ಗುಂಪಿಗೂ ಸೇರದವರು ಮೂರನೆಯವರು. ಅವರೇ ಹೆಚ್ಚು. ಸಂಸ್ಥಾನದ ಗಡಿಹಳ್ಳಿಗಳಿಂದ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಮದರಾಸು, ಮುಂಬಯಿ ಪ್ರಾಂತ್ಯಗಳಿಗೆ ಓಡಿಬಂದ ಕುಟುಂಬಗಳು. ಇವರು ಯಾರಿಗೂ ಅಪರಾಧಿಗಳಲ್ಲ. ಆದ್ದರಿಂದಲೇ ಯಾವ ಒಪ್ಪಂದದಲ್ಲೂ ಇವರ ಬಾಬ್ತಿಲ್ಲ.

ಇನ್ನು ಪುಸ್ತಕಗಳು. ಮೆನನ್ ಅವರದು ಅಧಿಕಾರಿಯ ಬರವಣಿಗೆ. ಅಚ್ಚುಕಟ್ಟು, ತಣ್ಣಗಿನ ದನಿ, ಹೈದರಾಬಾದಿಗೇ ಮೂರು ಅಧ್ಯಾಯ. ಕರಡಿನ ಮೇಲೆ ಕರಡು, ಪತ್ರದ ಮೇಲೆ ಪತ್ರ ಹೇಗೆ ಬಂತೆಂದು ತಿಳಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪುಸ್ತಕವಿಲ್ಲ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ, ಭಾರತದ ನಾಣ್ಯದ ಮೇಲೆ ನಿರ್ಬಂಧ, ಬೆಲೆಬಾಳುವ ಲೋಹಗಳ ಸಾಗಾಟಕ್ಕೆ ತಡೆ ಇವೆಲ್ಲ ಒಪ್ಪಂದದ ಉಲ್ಲಂಘನೆ ಎಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಗಡಿಯ ಜನ ಅವರ ಪುಟಗಳಲ್ಲಿ ಬರುವುದು ಎದುರಾಳಿಯ ತಪ್ಪಿಗೆ ಪುರಾವೆಯಾಗಿ.

ಮುನ್ಷಿಯವರು ಕಾದಂಬರಿಕಾರರು. ಅವರ ಪುಸ್ತಕದಲ್ಲಿ ಬೊಲಾರಂನ ಬಂಗಲೆ, ನಿಜಾಮರ ಸ್ವಭಾವ, ರಜ್ವಿಯ ಭಾಷಣ ಎಲ್ಲವೂ ಕಣ್ಣಿಗೆ ಕಟ್ಟುತ್ತವೆ. ಕಾರ್ಯಾಚರಣೆಯ ದಿನಗಳಲ್ಲಿ ಅವರೇ ಗೃಹಬಂಧನದಲ್ಲಿದ್ದರು. ಒಂದು ಯುಗದ ಅಂತ್ಯವನ್ನು ನೋಡಿದವನ ಉತ್ಸಾಹ ಅವರ ಬರವಣಿಗೆಯ ಬಲವೂ ಹೌದು, ದೋಷವೂ ಹೌದು. ನಾಟಕದಲ್ಲಿ ನಾಯಕ, ಖಳನಾಯಕ ಸಿಕ್ಕಿದ ಮೇಲೆ ಹೊಳೆ ದಾಟುತ್ತಿರುವ ಅನಾಮಿಕನಿಗೆ ಪಾತ್ರ ಉಳಿಯುವುದಿಲ್ಲ.

ಲಾಯಕ್ ಅಲಿಯವರ ಪುಸ್ತಕವನ್ನು ನಮ್ಮಲ್ಲಿ ಓದಿದವರು ಕಡಿಮೆ, ಹೆಸರು ಹೇಳುವವರು ಹೆಚ್ಚು. ಆರ್ಥಿಕ ದಿಗ್ಬಂಧನ, ಗಡಿ ದಾಳಿ, ಬಳಸದೇ ಉಳಿದ ಪಂಚಾಯಿತಿ ವಿಧಿ ಇವನ್ನೆಲ್ಲ ಅವರು ಭಾರತದ ವಚನಭಂಗವೆಂದು ಎತ್ತಿ ತೋರಿಸುತ್ತಾರೆ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಆದರೆ ರಜಾಕಾರರ ವಿಷಯ ಬಂದಾಗ ಅವರ ಲೇಖನಿ ಮೆತ್ತಗಾಗುತ್ತದೆ. ತನ್ನದೇ ಸರಕಾರದ ಪ್ರಜೆಗಳು ತನ್ನ ನೆಲದಿಂದ ಏಕೆ ಓಡಿಹೋಗುತ್ತಿದ್ದಾರೆ ಎಂಬ ಪ್ರಶ್ನೆಗೆ ಒಬ್ಬ ಪ್ರಧಾನಿಯಾಗಿ ಅವರು ಕೊಡಬೇಕಾಗಿದ್ದ ಉತ್ತರ ಆ ಪುಸ್ತಕದಲ್ಲಿ ಸಿಗುವುದಿಲ್ಲ.

ಇನ್ನೊಂದು ವಿಪರ್ಯಾಸವನ್ನು ಓದುಗರು ಗಮನಿಸಬೇಕು. ಈ ಮೂರನೆಯ ಪುಸ್ತಕದ ಲೇಖಕರು ಸ್ವತಃ ತಪ್ಪಿಸಿಕೊಂಡು ಹೋದವರು. 1950ರ ಮಾರ್ಚ್‌ನಲ್ಲಿ ಗೃಹಬಂಧನದಿಂದ ಪಾರಾಗಿ ಪಾಕಿಸ್ತಾನ ಸೇರಿದರು. ಅಲ್ಲಿಂದ ಅವರನ್ನು ಮರಳಿ ತರಲಾಗಲಿಲ್ಲ. ರಜ್ವಿ ಜೈಲುಶಿಕ್ಷೆ ಅನುಭವಿಸಿ 1957ರಲ್ಲಿ ಬಿಡುಗಡೆಯಾಗಿ ಅದೇ ದೇಶಕ್ಕೆ ಹೋದ. ದೊಡ್ಡವರಿಗೆ ಹೀಗೆ ಎಲ್ಲೋ ಒಂದು ಆಚೆ ದಡ ಸಿಕ್ಕೇ ಸಿಗುತ್ತದೆ.

ಹೊಳೆಯ ದಿಕ್ಕು ಬದಲಾದಾಗ

1948ರ ಸೆಪ್ಟೆಂಬರ್ 13ರಂದು ಸೇನೆ ಒಳಹೊಕ್ಕಿತು. 17ರಂದು ನಿಜಾಮರು ಶರಣಾಗತಿಯನ್ನು ರೇಡಿಯೋದಲ್ಲಿ ಸಾರಿದರು. ಜನ ಇದನ್ನು ‘ಪೊಲೀಸ್ ಆಕ್ಷನ್’ ಎಂದೇ ಕರೆಯುತ್ತಾರೆ. ಸಂಸ್ಥಾನದ ಬಹುಸಂಖ್ಯಾತ ಜನತೆಗೆ ಅದು ಬಿಡುಗಡೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ಕತೆ ಶುರುವಾಯಿತು. ಈ ಬಾರಿ ಓಡಬೇಕಾದವರು ಹಳ್ಳಿಗಳ ಮುಸ್ಲಿಮರು. ರಜಾಕಾರನಾಗಿದ್ದವನೂ, ರಜಾಕಾರರ ಮುಖವನ್ನೇ ನೋಡದವನೂ ಒಂದೇ ಲೆಕ್ಕಕ್ಕೆ ಬಂದರು.

ಪಂಡಿತ ಸುಂದರ್‌ಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಇದ್ದ ಸದ್ಭಾವನಾ ತಂಡವೊಂದು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಸಂಸ್ಥಾನದಲ್ಲಿ ಸುತ್ತಾಡಿ ಸರಕಾರಕ್ಕೆ ವರದಿ ಕೊಟ್ಟಿತು. ಕಾರ್ಯಾಚರಣೆಯ ಕಾಲದಲ್ಲೂ ನಂತರವೂ ಇಡೀ ಸಂಸ್ಥಾನದಲ್ಲಿ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದು ಅದರ ಅಂದಾಜು. ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್ ಹೆಚ್ಚು ನೊಂದ ಜಿಲ್ಲೆಗಳು ಎಂದಿತು. ಅವುಗಳಲ್ಲಿ ಎರಡು ಇಂದು ನಮ್ಮ ರಾಜ್ಯದಲ್ಲಿವೆ. ಪ್ರಾಣ ಪಣಕ್ಕಿಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಉದಾಹರಣೆಗಳನ್ನೂ ಅದೇ ವರದಿ ದಾಖಲಿಸಿತು. ಆದರೆ ವರದಿ ದಶಕಗಟ್ಟಲೆ ಹೊರಬರಲಿಲ್ಲ. ಎ.ಜಿ. ನೂರಾನಿಯವರು ಹೈದರಾಬಾದಿನ ಕುರಿತ ತಮ್ಮ ಪುಸ್ತಕದ ಅನುಬಂಧದಲ್ಲಿ ಅದನ್ನು ಅಚ್ಚುಹಾಕಿದ್ದು ಕಳೆದ ದಶಕದಲ್ಲಿ.

1956ರಲ್ಲಿ ಬರೆದ ಮೆನನ್, ಕಾರ್ಯಾಚರಣೆ ನಡೆದಷ್ಟು ದಿನ ಇಡೀ ಭಾರತದಲ್ಲಿ ಒಂದೂ ಕೋಮು ಗಲಭೆ ಆಗಲಿಲ್ಲವೆಂದು ಸಮಾಧಾನಪಡುತ್ತಾರೆ. ಕಾರ್ಯಾಚರಣೆ ಮುಗಿದ ಮೇಲೆ ಸಂಸ್ಥಾನದೊಳಗೆ ಏನಾಯಿತೆಂಬುದು ಆ ಸಮಾಧಾನದೊಳಗೆ ಮುಚ್ಚಿಹೋಗುತ್ತದೆ. ಒಂದು ಪುಸ್ತಕ ಗೋರ್ಟಾದ ಹೆಣಗಳನ್ನು ಸರಿಯಾಗಿ ನೋಡುವುದಿಲ್ಲ, ಇನ್ನೊಂದು ಬೀದರಿನ ಹೆಣಗಳನ್ನು ನೋಡುವುದಿಲ್ಲ. ನೋಡದಿರುವ ಕ್ರಮ ಮಾತ್ರ ಎರಡರದೂ ಒಂದೇ. ಸರಕಾರ ಸರಕಾರಕ್ಕೆ ಕೊಟ್ಟ ಮಾತು ಮುರಿಯಿತೇ ಎಂದು ಎರಡೂ ಕೇಳುತ್ತವೆ. ಜನರಿಗೆ ಯಾರಾದರೂ ಮಾತು ಕೊಟ್ಟಿದ್ದರೇ ಎಂದು ಕೇಳುವುದಿಲ್ಲ.

ಕೌಲು ಎಂಬ ಹಳೆಯ ಪದ

ಜನರಿಗೆ ಮಾತು ಕೊಡುವ ಪದ್ಧತಿ ನಮ್ಮ ಸೀಮೆಗೆ ಹೊಸದಾಗಿರಲಿಲ್ಲ. ‘ಕೌಲು’ ಎಂಬ ಪದ ಅರಬ್ಬಿಯಿಂದ ಬಂದು ಕನ್ನಡದ ಕಂದಾಯ ಕಾಗದಗಳಲ್ಲಿ ಬೇರೂರಿದ್ದು. ಮೂಲದಲ್ಲಿ ಅದರ ಅರ್ಥ ‘ಮಾತು’ ಎಂದಷ್ಟೆ. ಯುದ್ಧಕ್ಕೋ ಬರಕ್ಕೋ ಸುಲಿಗೆಗೋ ಹೆದರಿ ಊರು ಬಿಟ್ಟು ನೆರೆಯ ದೊರೆಯ ಸೀಮೆಗೆ ಹೋದ ರೈತರನ್ನು ಮರಳಿ ಕರೆಯಬೇಕಾದಾಗ ದಖ್ಖನದ ಆಳುವವರು ಕೌಲು ಬರೆದು ಕಳಿಸುತ್ತಿದ್ದರು. ಇಷ್ಟು ವರ್ಷ ಇಷ್ಟೇ ಕಂದಾಯ, ನಿಮಗೆ ಯಾವ ಉಪದ್ರವವೂ ಇಲ್ಲ, ಧೈರ್ಯವಾಗಿ ಬಂದು ಬೇಸಾಯ ಮಾಡಿರಿ ಎಂಬುದು ಅದರ ತಾತ್ಪರ್ಯ. ಕಂಪನಿ ಸರಕಾರ ಬಂದ ಮೇಲೂ ಈ ಪದ್ಧತಿ ಕೆಲಕಾಲ ನಡೆಯಿತು.

ಹಳೆಯ ದೊರೆಗಳನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಕೌಲು ಕೊಟ್ಟು ಮುರಿದವರೂ ಇದ್ದರು, ಕಂದಾಯದ ಆಸೆಯೇ ಅದರ ಬೇರು. ಆದರೂ ಒಂದು ವ್ಯತ್ಯಾಸವಿದೆ. ಕೌಲು ಪಡೆದವನ ಕೈಯಲ್ಲಿ ಕಾಗದ ಇರುತ್ತಿತ್ತು. ಮಾತು ಮುರಿದರೆ ಅವನು ಅದನ್ನು ಹಿಡಿದು ಕಚೇರಿಯ ಮುಂದೆ ನಿಂತು ಕೇಳಬಹುದಿತ್ತು. ಯಥಾಸ್ಥಿತಿ ಒಪ್ಪಂದದ ಪ್ರತಿ ದಿಲ್ಲಿಯಲ್ಲೊಂದು, ಹೈದರಾಬಾದಿನಲ್ಲೊಂದು. ಹೊಳೆ ದಾಟಿದವನ ಕೈಯಲ್ಲಿ ಏನೂ ಇರಲಿಲ್ಲ.

ನ್ಯಾಯಾಲಯದ ಬಾಗಿಲಲ್ಲಿ

ಸರಕಾರಗಳು ಬದಲಾದಾಗ ಹಸ್ತಾಂತರದ ಮಾತು ಏನಾಗುತ್ತದೆಂಬ ಪ್ರಶ್ನೆ ಗಣರಾಜ್ಯ ಹುಟ್ಟಿದ ಕೂಡಲೇ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂತು. ರಾಜಸ್ಥಾನದ ಟೋಂಕ್ ಸಂಸ್ಥಾನದಲ್ಲಿ ಆಡಳಿತಗಾರರಾಗಿದ್ದ ಬಾಬು ರಾಮ್ ಸಕ್ಸೇನ ಎಂಬ ಅಧಿಕಾರಿಯ ಮೇಲೆ ಸುಲಿಗೆ, ವಂಚನೆಯ ಆರೋಪವಿತ್ತು. 1869ರ ಟೋಂಕ್ ಕರಾರಿನಲ್ಲಿ ಆ ಅಪರಾಧಗಳ ಹೆಸರಿಲ್ಲ, ಆದ್ದರಿಂದ ನನ್ನನ್ನು ಒಪ್ಪಿಸುವಂತಿಲ್ಲ ಎಂದು ಅವರು ವಾದಿಸಿದರು. ಟೋಂಕ್ ರಾಜಸ್ಥಾನದಲ್ಲಿ ವಿಲೀನವಾದ ಮೇಲೆ ಆ ಕರಾರು ಜಾರಿಗೊಳಿಸುವಂಥದ್ದಾಗಿ ಉಳಿದಿಲ್ಲವೆಂದು 1950ರಲ್ಲಿ ಕೋರ್ಟ್ ಅವರ ಮನವಿಯನ್ನು ತಳ್ಳಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯೇ ಇರಬಹುದು. ಆದರೆ ಅದರ ಪರಿಣಾಮ ನೋಡಿ. ದೊರೆ ಅಳಿದಾಗ ದೊರೆಯ ಕರಾರು ಅಳಿಯಿತು, ಕರಾರಿನೊಳಗೆ ಆರೋಪಿಗಿದ್ದ ಚೂರು ರಕ್ಷಣೆಯೂ ಅದರೊಂದಿಗೇ ಹೋಯಿತು.

ಎರಡನೆಯ ಪ್ರಕರಣ ಮದರಾಸಿನದು. ಬಳ್ಳಾರಿಯೂ 1953ರ ಅಕ್ಟೋಬರ್ 1ರವರೆಗೆ ಅದೇ ರಾಜ್ಯದ ಜಿಲ್ಲೆ. ಸಿಂಗಾಪುರದ ವಸಾಹತು ಸರಕಾರದ ಕೋರಿಕೆಯ ಮೇರೆಗೆ ಸಿ.ಜಿ. ಮೆನನ್ ಎಂಬ ವಕೀಲ ಮತ್ತು ಅವರ ಪತ್ನಿಯನ್ನು ಬಂಧಿಸಲಾಗಿತ್ತು. ಬ್ರಿಟಿಷ್ ಸಾಮ್ರಾಜ್ಯದ ಒಳಗೆ ಆರೋಪಿಗಳನ್ನು ಸಾಗಿಸಲು 1881ರಲ್ಲಿ ಮಾಡಿದ ಕಾಯಿದೆ ಗಣರಾಜ್ಯಕ್ಕೆ ಅನ್ವಯಿಸುವುದಿಲ್ಲ, ಭಾರತ ಈಗ ಯಾರ ಸಾಮ್ರಾಜ್ಯದ ಭಾಗವೂ ಅಲ್ಲ ಎಂದು 1954ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಲ್ಲಿ ಅಧಿಕಾರ ಹಸ್ತಾಂತರ ಆರೋಪಿಗೆ ಗುರಾಣಿಯಾಯಿತು. ಒಂದೇ ಕಾರಣ, ಒಬ್ಬರಿಗೆ ಸೋಲು, ಇನ್ನೊಬ್ಬರಿಗೆ ಗೆಲುವು.

ಇದು ನಮ್ಮ ದೇಶದ ಹಳೆಯ ಕತೆ ಮಾತ್ರವಲ್ಲ. 1997ರ ಜುಲೈ 1ರಂದು ಬ್ರಿಟನ್ ಹಾಂಗ್‌ಕಾಂಗನ್ನು ಚೀನಕ್ಕೆ ಒಪ್ಪಿಸುವುದಕ್ಕೆ ಮುಂಚೆ ಲೂಯಿ ಕಿನ್-ಹಾಂಗ್ ಎಂಬ ಲಂಚದ ಆರೋಪಿ ಅಮೆರಿಕದಲ್ಲಿ ಸೆರೆಯಲ್ಲಿದ್ದ. ಕರಾರು ಇರುವುದು ಬ್ರಿಟನ್ನಿನೊಡನೆ, ನನ್ನನ್ನು ವಿಚಾರಣೆ ಮಾಡಿ ಶಿಕ್ಷಿಸುವುದು ಚೀನದ ಆಳ್ವಿಕೆ, ಇದು ಹೇಗೆ ನ್ಯಾಯ ಎಂಬುದು ಅವನ ವಾದ. ಕೆಳಗಿನ ಕೋರ್ಟ್ ಒಪ್ಪಿತು. ಮೇಲಿನ ಕೋರ್ಟ್ 1997ರ ಮಾರ್ಚ್‌ನಲ್ಲಿ ಆ ತೀರ್ಪನ್ನು ಬದಿಗಿಟ್ಟಿತು. ಮುಂಬರುವ ಆಳ್ವಿಕೆ ಮಾತು ಉಳಿಸಿಕೊಳ್ಳುತ್ತದೆಯೇ ಎಂದು ತೂಗಬೇಕಾದದ್ದು ಸರಕಾರ, ನ್ಯಾಯಾಲಯವಲ್ಲ ಎಂದಿತು. 1984ರ ಘೋಷಣೆಯಲ್ಲಿ 50 ವರ್ಷಗಳ ಭರವಸೆ ಇತ್ತು. 2019ರಲ್ಲಿ ಚೀನಕ್ಕೆ ಆರೋಪಿಗಳನ್ನು ಒಪ್ಪಿಸಲು ಅವಕಾಶ ಕೊಡುವ ಮಸೂದೆ ಬಂದಾಗ ಹಾಂಗ್‌ಕಾಂಗಿನ ಜನ ಬೀದಿಗಿಳಿದರು, ಮಸೂದೆ ವಾಪಸಾಯಿತು. ಆದರೆ 2020ರಲ್ಲಿ ರಾಷ್ಟ್ರೀಯ ಭದ್ರತಾ ಕಾನೂನು ಜಾರಿಯಾದಾಗ ಬ್ರಿಟನ್, ಅಮೆರಿಕ ಮೊದಲಾದ ದೇಶಗಳೇ ಹಾಂಗ್‌ಕಾಂಗಿನೊಡನೆ ಹಸ್ತಾಂತರದ ಕರಾರುಗಳನ್ನು ಅಮಾನತಿನಲ್ಲಿಟ್ಟವು. ಭರವಸೆಯನ್ನು ತೂಗುತ್ತೇವೆಂದ ಸರಕಾರಗಳಿಗೆ ಅದರ ತೂಕ ತಿಳಿಯಲು 23 ವರ್ಷ ಬೇಕಾಯಿತು.

ಹಾಗಾದರೆ ಆರೋಪಿಗಳನ್ನು ಒಪ್ಪಿಸಲೇಬಾರದೇ? ಹಾಗಲ್ಲ. ಗೋರ್ಟಾದಲ್ಲಿ ಕೊಂದವನು ಗಡಿ ದಾಟಿದ ಮಾತ್ರಕ್ಕೆ ಮುಗ್ಧನಾಗುವುದಿಲ್ಲ. ಬೀದರಿನ ಹಳ್ಳಿಯಲ್ಲಿ ನೆರೆಯವನನ್ನು ಕೊಂದವನೂ ಆಗುವುದಿಲ್ಲ. ಗಡಿ ಎಂಬುದು ಕೊಲೆಗಡುಕನ ಆಸರೆಯಾಗಬಾರದು. ಆದರೆ ಒಪ್ಪಿಸುವಾಗ ಕೊಟ್ಟ ಮಾತನ್ನು ಒಪ್ಪಿಸಲ್ಪಟ್ಟವನೇ ಕೇಳಿ ಪಡೆಯುವಂತಿರಬೇಕು.

ಇದು ಕೇವಲ ಆದರ್ಶವಲ್ಲ ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ. 1993ರ ಮುಂಬಯಿ ಸ್ಫೋಟಗಳಲ್ಲಿ 257 ಜನ ಸತ್ತರು. ಆ ಪ್ರಕರಣದ ಆರೋಪಿ ಅಬೂ ಸಲೇಮ್‌ನನ್ನು ಪೋರ್ಚುಗಲ್ 2005ರ ನವೆಂಬರ್‌ನಲ್ಲಿ ಭಾರತಕ್ಕೆ ಒಪ್ಪಿಸಿತು. ಮರಣದಂಡನೆ ಇಲ್ಲ, 25 ವರ್ಷಕ್ಕಿಂತ ಹೆಚ್ಚು ಸೆರೆ ಇಲ್ಲ ಎಂದು ಆಗಿನ ಉಪಪ್ರಧಾನಿ ಎಲ್.ಕೆ. ಆಡ್ವಾಣಿ 2002ರಲ್ಲೇ ಭರವಸೆ ಕೊಟ್ಟಿದ್ದರು. 2017ರಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. 25 ವರ್ಷ ತುಂಬಿದಾಗ ಕೇಂದ್ರ ಸರಕಾರ ತನ್ನ ಮಾತಿಗೆ ಬದ್ಧವಾಗಿ ರಾಷ್ಟ್ರಪತಿಗೆ ಸಲಹೆ ಕೊಡಲೇಬೇಕೆಂದು 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅವನ ಮೇಲೆ ಯಾರಿಗೂ ಕನಿಕರ ಬೇಕಿಲ್ಲ. ಆದರೆ ಅಂಥವನು ಕೂಡ ನ್ಯಾಯಾಲಯದ ಬಾಗಿಲಲ್ಲಿ ನಿಂತು ನಿಮ್ಮ ಸರಕಾರ ಹೀಗೆ ಬರೆದುಕೊಟ್ಟಿದೆ ಎಂದು ಹೇಳಲು ಸಾಧ್ಯವಾಯಿತು. 1948ರಲ್ಲಿ ಹೊಳೆ ದಾಟಿದ ನಿರಪರಾಧಿಗೆ ಅಷ್ಟೂ ಸಿಕ್ಕಿರಲಿಲ್ಲ.

ನೀರಿಗೆ ಕೊಟ್ಟ ಮಾತು

ಈ ಹೊಳೆಯ ಮೇಲೆ ಅದೇ ಕಾಲದಲ್ಲಿ ಅವೇ ಎರಡು ಸರಕಾರಗಳು ಮಾಡಿಕೊಂಡ ಇನ್ನೊಂದು ಒಪ್ಪಂದವಿದೆ. 1944ರಲ್ಲಿ ಮದರಾಸು ಮತ್ತು ಹೈದರಾಬಾದ್ ತುಂಗಭದ್ರಾ ಅಣೆಕಟ್ಟು ಕಟ್ಟಲು ಒಪ್ಪಿದವು. 1945ರ ಫೆಬ್ರವರಿ 28ರಂದು ಎರಡೂ ದಡಗಳಲ್ಲಿ ಅಡಿಗಲ್ಲು ಬಿತ್ತು. ಆ ದಡದಲ್ಲಿ ನಿಜಾಮರ ಹಿರಿಯ ಮಗ, ಈ ದಡದಲ್ಲಿ ಮದರಾಸಿನ ಗವರ್ನರ್. ಆಮೇಲೆ ಬ್ರಿಟಿಷರು ಹೋದರು, ನಿಜಾಮರು ಹೋದರು, 1953ರಲ್ಲಿ ಬಳ್ಳಾರಿ ಮದರಾಸಿನಿಂದ ಮೈಸೂರಿಗೆ ಬಂತು, ಆದೋನಿ ಆಂಧ್ರಕ್ಕೆ ಹೋಯಿತು. ಇಷ್ಟೆಲ್ಲ ಹಸ್ತಾಂತರಗಳ ನಡುವೆಯೂ ಅಣೆಕಟ್ಟಿನ ಕೆಲಸ ನಿಲ್ಲಲಿಲ್ಲ. ಅದೇ 1953ರಲ್ಲಿ ಕಾಲುವೆಗೆ ನೀರು ಬಿಡಲಾಯಿತು. ಇಂದು ಸಿರುಗುಪ್ಪದಲ್ಲೂ ಆಚೆಯ ಸಿಂಧನೂರಿನಲ್ಲೂ ಬತ್ತ ಬೆಳೆಯುವುದು ಆ ನೀರಿನಿಂದ. ನೀರಿನ ಪಾಲು ಎಷ್ಟೆಂದು ಕೇಳಲು ಪ್ರತಿ ಸರಕಾರಕ್ಕೂ ಹಕ್ಕುದಾರರಿದ್ದರು. ಹಕ್ಕುದಾರರಿದ್ದ ಮಾತು ಉಳಿಯಿತು.

ಎಂಟನೆಯ ಬಾಬ್ತಿಗೆ ಹಕ್ಕುದಾರರಿರಲಿಲ್ಲ. ನಮ್ಮ ಮೂರು ಪುಸ್ತಕಗಳ ಕೊರತೆಯೂ ಕೊನೆಗೆ ಇದೇ. ಒಪ್ಪಂದವೆಂಬುದು ಸಹಿ ಹಾಕಿದ ಇಬ್ಬರ ನಡುವಿನ ವಿಷಯ ಎಂದು ಅವು ನಂಬುತ್ತವೆ. ಸಹಿ ಹಾಕದ ಮೂರನೆಯವನ ಕಡೆಯಿಂದ ಒಂದು ಅಧ್ಯಾಯವನ್ನಾದರೂ ಬರೆಯಬೇಕೆಂದು ಅವುಗಳಿಗೆ ಅನಿಸಲಿಲ್ಲ. ಆ ಅಧ್ಯಾಯವನ್ನು ಬರೆಯಬೇಕಾದವರು ಈ ಎರಡು ದಡಗಳವರು. ಹೈದರಾಬಾದ್ ಕರ್ನಾಟಕವೆಂದು 371ಜೆ ವಿಧಿಯಲ್ಲಿ ಬಳ್ಳಾರಿಯನ್ನೂ ಸೇರಿಸಿಕೊಂಡು ಸೌಲಭ್ಯ ಪಡೆಯುತ್ತಿರುವ ನಾವು ಆ ದಡದ ನೋವಿನಲ್ಲೂ ಪಾಲು ಕೇಳಬೇಕಲ್ಲವೇ? ರಜಾಕಾರರ ಕಾಲದಲ್ಲಿ ಓಡಿಬಂದವರ ಮನೆಯ ನೆನಪುಗಳೂ, ಪೊಲೀಸ್ ಆಕ್ಷನ್ನಿನ ನಂತರ ಓಡಿಬಂದವರ ಮನೆಯ ನೆನಪುಗಳೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕದ ಪುಟಗಳಲ್ಲಿ ಬರಬೇಕು. ಬೇರೆ ಬೇರೆ ಪುಸ್ತಕಗಳಲ್ಲಿ ಬಂದರೆ ಮತ್ತೆ ಅದೇ ವಕೀಲಿಕೆಯಾಗುತ್ತದೆ. ಅಂದು ಕಂಡವರು ಈಗ ಬೆರಳೆಣಿಕೆಯಷ್ಟು. ಅವರಿಂದ ಕೇಳಿಸಿಕೊಂಡ ಮಕ್ಕಳು ಇನ್ನೂ ಇದ್ದಾರೆ.

1956ರ ನವೆಂಬರ್ 1ರಿಂದ ತುಂಗಭದ್ರೆಯ ಎರಡೂ ದಡ ಒಂದೇ ರಾಜ್ಯ. ಸಿರುಗುಪ್ಪದಿಂದ ದಢೇಸೂಗೂರಿಗೆ ಈಗ ಯಾರನ್ನೂ ಯಾರಿಗೂ ಒಪ್ಪಿಸಬೇಕಾಗಿಲ್ಲ. ನಮ್ಮಲ್ಲಿ ಉಳಿದಿರುವುದು ಹಳೆಯದೊಂದು ಬಾಕಿ. ಆ ವರ್ಷ ಹೊಳೆ ದಾಟಿದವರು ಯಾರು, ಯಾರಿಗೆ ಹೆದರಿ ದಾಟಿದರು, ಈ ದಡದಲ್ಲಿ ಅವರಿಗೆ ಬಾಗಿಲು ತೆರೆದವರು ಯಾರು ಎಂದು ಕೇಳಿ ಬರೆದಿಡುವುದು.